ಮಗು ಮನೆಯಲ್ಲಿ, ನೀವು ಕೆಲಸದಲ್ಲಿ: ಎದೆಹಾಲಿನ ಪಂಪು ಯಾವುದು ತೆಗೆದುಕೊಳ್ಳಬೇಕು?

ಪಂಪು ಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಕಂಪನಿಯದ್ದು ಒಳ್ಳೆಯದು ಅಂತ. ಅದು ಆಮೇಲಿನ ಮಾತು. ಮೊದಲು ನೀವು ಮಗುವನ್ನು ಬಿಟ್ಟು ಎಷ್ಟು ಹೊತ್ತು ಹೊರಗಿರುತ್ತೀರಿ ಅಂತ ಲೆಕ್ಕ ಹಾಕಿ. ಕೆಲಸದ ಹೊತ್ತು ಮಾತ್ರ ಅಲ್ಲ, ಮನೆಯಿಂದ ಕಾಲು ಹೊರಗಿಟ್ಟಲ್ಲಿಂದ ಸಂಜೆ ಮಗುವನ್ನು ಮತ್ತೆ ಎತ್ತಿಕೊಳ್ಳುವವರೆಗೆ. ಬದಿಯಡ್ಕದಲ್ಲೇ ಮನೆ, ಅಲ್ಲೇ ಶಾಲೆ, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಹೋಗುತ್ತೀರಿ ಅಂತಾದರೆ ಒಂದು ಸಲಕ್ಕೆ ಮೂರು ಮೂರೂವರೆ ಗಂಟೆ ಅಷ್ಟೇ. ಉಪ್ಪಳ, ಕುಂಬಳೆ, ಕಾಸರಗೋಡಿನಿಂದ ದಿನಾ ಮಂಗಳೂರಿಗೆ ಹೋಗಿ ಬರುವವರಿಗೆ ಹತ್ತು ಹನ್ನೊಂದು ಗಂಟೆ, ತಲಪಾಡಿಯಲ್ಲಿ ಬ್ಲಾಕ್ ಸಿಕ್ಕಿದರೆ ಅಥವಾ ಟ್ರೈನು ತಡವಾದರೆ ಇನ್ನೂ ಜಾಸ್ತಿ. ಈ ಇಬ್ಬರಿಗೂ ಒಂದೇ ಪಂಪು ಆಗುವುದಿಲ್ಲ.

ಹಾಲಿನ ಲೆಕ್ಕವೂ ಕಷ್ಟವಿಲ್ಲ. ಒಂದು ತಿಂಗಳು ದಾಟಿ ಆರು ತಿಂಗಳಾಗುವವರೆಗೆ ಮಗು ದಿನಕ್ಕೆ ಹೆಚ್ಚುಕಡಿಮೆ 750 ಮಿಲಿ ಎದೆಹಾಲು ಕುಡಿಯುತ್ತದೆ. ಕೆಲವು ಮಕ್ಕಳು ಕಡಿಮೆ, ಕೆಲವು ಜಾಸ್ತಿ. ನೀವು ಇಲ್ಲದ ಹೊತ್ತಿಗೆ ಗಂಟೆಗೆ 30ರಿಂದ 45 ಮಿಲಿ ಅಂತ ಹಿಡಿದರೆ ಸರಿಯಾಗುತ್ತದೆ. ಹತ್ತು ಗಂಟೆಗೆ 300ರಿಂದ 450 ಮಿಲಿ. ಇಷ್ಟು ಹಾಲು ತೆಗೆಯಲು ಹೊರಗಿರುವಾಗ ಸುಮಾರು ಮೂರು ಗಂಟೆಗೊಮ್ಮೆ, ಅಂದರೆ ಮೂರು ಸಲ ಕೂತುಕೊಳ್ಳಬೇಕಾಗುತ್ತದೆ. ಆರು ತಿಂಗಳು ದಾಟಿದ ಮಗು ರಾಗಿ, ಬಾಳೆಕಾಯಿ ಹುಡಿಯ ಸರಿ, ಅಂಗನವಾಡಿಯಲ್ಲಿ ಕೊಡುವ ಅಮೃತಂ ನ್ಯೂಟ್ರಿಮಿಕ್ಸ್ ಅಂತ ತಿನ್ನಲು ಶುರು ಮಾಡಿರುತ್ತದೆ, ಆಗ ಹಾಲಿನ ಪಾಲು ನಿಧಾನವಾಗಿ ಇಳಿಯುತ್ತದೆ.

ಹಾಗಾಗಿ ನಿಮ್ಮ ರಜೆ ಯಾವಾಗ ಮುಗಿಯುತ್ತದೆ ಅನ್ನುವುದೂ ಮುಖ್ಯ. ಸರಕಾರಿ ಕೆಲಸದವರಿಗೆ 180 ದಿನ ಇದೆ. ಖಾಸಗಿಯಲ್ಲೂ ಹೆರಿಗೆ ರಜೆಯ ಕಾನೂನಿಗೆ ಆದ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಸಿಗಬೇಕು, ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿರುವ ಜಾಗಗಳಲ್ಲಿ. ಆದರೆ ಸಣ್ಣ ಕ್ಲಿನಿಕ್ಕು, ಪೇಟೆಯ ಜವಳಿ ಅಂಗಡಿ, ನಾಲ್ಕೈದು ಜನರ ಆಫೀಸು, ಅಲ್ಲೆಲ್ಲ ಮೂರನೇ ತಿಂಗಳಿಗೇ ಮರಳುವವರು ಎಷ್ಟೋ ಮಂದಿ. ಮೂರು ತಿಂಗಳ ಮಗುವಿಗೆ ಹಾಲು ಬಿಟ್ಟರೆ ಬೇರೇನೂ ಇಲ್ಲ. ನೀವು ಆ ಗುಂಪಿನವರಾದರೆ ಪಂಪಿಗೆ ದುಡ್ಡು ಹಾಕಲು ಹಿಂದೆಮುಂದೆ ನೋಡಬೇಡಿ ಅಂತಲೇ ನಾನು ಹೇಳುವುದು.

ಯಾವ ಬಗೆಯದ್ದು?

ಕೈಪಂಪು ಸಾವಿರ ರೂಪಾಯಿಯ ಆಚೀಚೆಗೆ ಸಿಗುತ್ತದೆ. ಹಿಡಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ತೆಗೆಯುವುದು. ಕರೆಂಟು ಬೇಡ, ಸದ್ದಿಲ್ಲ, ತೊಳೆಯಲು ನಾಲ್ಕೇ ತುಂಡು. ದಿನಕ್ಕೆ ಒಂದು ಸಲ ತೆಗೆಯುವವರಿಗೆ ಇದು ಧಾರಾಳ ಸಾಕು. ಮೂರು ಸಲ ತೆಗೆಯುವವರಿಗೆ ಒಂದು ವಾರದಲ್ಲಿ ಮಣಿಕಟ್ಟು ನೋಯಲು ಶುರುವಾಗುತ್ತದೆ, ಹೆರಿಗೆಯ ನಂತರ ಮಣಿಕಟ್ಟು ಹೆಬ್ಬೆರಳು ಮೊದಲೇ ನೋವಿರುವವರು ತುಂಬಾ ಜನ ಇದ್ದಾರೆ, ಅವರಿಗಂತೂ ಬೇಡವೇ ಬೇಡ.

ಮೋಟರಿನ ಪಂಪಿನಲ್ಲಿ ಒಂದು ಬದಿಯದ್ದು, ಎರಡು ಬದಿಯದ್ದು ಅಂತ ಇದೆ. ಒಂದು ಬದಿಯದ್ದು ಅಗ್ಗ. ಆದರೆ ಒಂದೊಂದು ಎದೆಗೂ ಹದಿನೈದು ನಿಮಿಷ ಅಂದರೆ ಅರ್ಧ ಗಂಟೆ. ಯಾವ ಹೆಡ್ ಮಾಸ್ಟರು, ಯಾವ ಮ್ಯಾನೇಜರು ದಿನಕ್ಕೆ ಮೂರು ಸಲ ಅರ್ಧರ್ಧ ಗಂಟೆ ಬಿಡುತ್ತಾರೆ ಹೇಳಿ? ಎರಡೂ ಬದಿ ಒಟ್ಟಿಗೆ ತೆಗೆದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ದಿನಪೂರ್ತಿ ಹೊರಗಿರುವವರು ಎರಡು ಬದಿಯದ್ದೇ ತೆಗೆದುಕೊಳ್ಳಿ. ಜೊತೆಗೆ ಪಂಪಿನ ಕಪ್ಪು ಹಿಡಿದುಕೊಳ್ಳುವಂಥ ಬ್ರಾ ಒಂದು ಇದ್ದರೆ ಎರಡು ಕೈಯೂ ಖಾಲಿ, ಫೈಲು ನೋಡಬಹುದು, ಚಾ ಕುಡಿಯಬಹುದು. ಬ್ರಾಗೇ ದುಡ್ಡು ಹಾಕಬೇಕೆಂದಿಲ್ಲ, ಹಳೆಯ ಬಿಗಿ ಬ್ರಾದಲ್ಲಿ ತೊಟ್ಟಿನ ನೇರಕ್ಕೆ ಸಣ್ಣ ತೂತು ಕತ್ತರಿಸಿಕೊಂಡರೂ ನಡೆಯುತ್ತದೆ.

ಬ್ರಾದ ಒಳಗೇ ಇಟ್ಟುಕೊಳ್ಳುವ ವೈರಿಲ್ಲದ ಪಂಪುಗಳು ಈಗ ತುಂಬಾ ಬಂದಿವೆ. ನೋಡಲು ಚೆಂದ, ಸೆರಗು ಅಥವಾ ವೇಲು ಹೊದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹಾಲು ಬೀಳುವುದು ಕಾಣಿಸುವುದಿಲ್ಲ, ತೊಟ್ಟು ಸರಿಯಾದ ಜಾಗದಲ್ಲಿ ಕೂತಿದೆಯಾ ಅಂತ ನೋಡುವುದು ಕಷ್ಟ, ಬಗ್ಗಿದರೆ ಚೆಲ್ಲುವುದೂ ಉಂಟು. ಹಲವರಿಗೆ ಇದರಲ್ಲಿ ಹಾಲು ಪೂರ್ತಿ ಖಾಲಿಯಾಗುವುದಿಲ್ಲ. ಎರಡನೇ ಪಂಪಾಗಿ ಇರಲಿ, ಇದೊಂದನ್ನೇ ನಂಬಿ ಕೆಲಸಕ್ಕೆ ಹೊರಡಬೇಡಿ.

ಸಿಲಿಕೋನಿನ ಮೆತ್ತನೆ ಕಪ್ಪು ಒಂದು ಬರುತ್ತದಲ್ಲ, ಒತ್ತಿ ಎದೆಗೆ ಅಂಟಿಸಿ ಬಿಡುವುದು, ಅದು ಬೆಳಿಗ್ಗೆ ಮಗು ಒಂದು ಬದಿ ಕುಡಿಯುವಾಗ ಇನ್ನೊಂದು ಬದಿಯಲ್ಲಿ ಸೋರುವ ಹಾಲು ಹಿಡಿಯಲು ಒಳ್ಳೆಯದು. ಆಫೀಸಿಗೆ ಅಲ್ಲ.

ಅಳತೆ ಸರಿಯಿಲ್ಲದಿದ್ದರೆ ಯಾವ ಪಂಪೂ ದಂಡ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಎದೆಗೆ ಹಿಡಿಯುವ ಕೊಳವೆಯಂಥ ಭಾಗಕ್ಕೆ ಫ್ಲೇಂಜ್ ಅನ್ನುತ್ತಾರೆ. ಅದಕ್ಕೆ ಚಪ್ಪಲಿಗೆ ಇರುವ ಹಾಗೆ ಸೈಜು ಇದೆ. ಡಬ್ಬದಲ್ಲಿ ಬರುವುದು ಹೆಚ್ಚಾಗಿ 24 ಮಿಲಿಮೀಟರಿನದ್ದು. ಎಲ್ಲರಿಗೂ 24 ಆಗುವುದಿಲ್ಲ. 21, 19, 17 ಬೇಕಾದವರು ತುಂಬಾ ಜನ, 28 ಬೇಕಾದವರೂ ಇದ್ದಾರೆ. ಎದೆ ದೊಡ್ಡದಿದೆ ಅಂತ ದೊಡ್ಡ ಸೈಜು ಅಲ್ಲ, ಲೆಕ್ಕಕ್ಕೆ ಬರುವುದು ತೊಟ್ಟಿನ ದಪ್ಪ ಮಾತ್ರ.

ಅಳೆಯುವುದು ಹೀಗೆ: ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲು ತೆಗೆದುಕೊಂಡು ಕನ್ನಡಿ ಎದುರು ನಿಂತು ತೊಟ್ಟಿನ ಬುಡದಲ್ಲಿ ಈ ಕಡೆಯಿಂದ ಆ ಕಡೆಗೆ ಎಷ್ಟು ಮಿಲಿಮೀಟರು ಅಂತ ನೋಡಿ. ಸುತ್ತಲಿನ ಕಪ್ಪು ಭಾಗ ಸೇರಿಸಬೇಡಿ. ಬಂದ ಸಂಖ್ಯೆಗೆ ಸೊನ್ನೆಯಿಂದ ಮೂರು ಮಿಲಿಮೀಟರು ಸೇರಿಸಿದರೆ ನಿಮ್ಮ ಸೈಜು. ಎರಡು ಬದಿಗೆ ಬೇರೆ ಬೇರೆ ಬಂದರೆ ಗಾಬರಿ ಬೇಡ, ಅದು ಮಾಮೂಲು. ಪಂಪು ಹಾಕಿದಾಗ ತೊಟ್ಟು ಕೊಳವೆಯೊಳಗೆ ಸಲೀಸಾಗಿ ಹಿಂದೆ ಮುಂದೆ ಹೋಗಬೇಕು. ಗೋಡೆಗೆ ಉಜ್ಜಬಾರದು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಜಾಸ್ತಿ ಒಳಗೆ ಎಳೆದುಕೊಂಡು ಹೋದರೆ ಸೈಜು ದೊಡ್ಡದಾಯಿತು. ತೆಗೆದ ಮೇಲೆ ತೊಟ್ಟಿನ ತುದಿ ಬೆಳ್ಳಗಾಗಿದ್ದರೆ, ಸುತ್ತ ಬಳೆಯಂತೆ ಗುರುತು ಬಿದ್ದಿದ್ದರೆ, ಬಿರುಕು ಬಿಟ್ಟರೆ ಏನೋ ತಪ್ಪಿದೆ, ಸಹಿಸಿಕೊಂಡು ಮುಂದುವರಿಸಬೇಡಿ. ಹೊಸ ಫ್ಲೇಂಜ್ ಸಿಗದಿದ್ದರೆ 24ರ ಒಳಗೆ ಕೂರುವ ಸಿಲಿಕೋನ್ ರಿಂಗು ಬೇರೆ ಬೇರೆ ಸೈಜಿನಲ್ಲಿ ಆನ್‌ಲೈನ್ ಸಿಗುತ್ತದೆ, ಬೆಲೆಯೂ ಕಡಿಮೆ.

"ನನಗೆ ಪಂಪಿನಲ್ಲಿ ಹಾಲೇ ಬರುವುದಿಲ್ಲ" ಅಂತ ಬೇಸರಪಟ್ಟು ಕೈಬಿಡುವ ಎಷ್ಟೋ ತಾಯಂದಿರಿಗೆ ಹಾಲು ಕಡಿಮೆ ಇರುವುದಿಲ್ಲ. ಸೈಜು ತಪ್ಪಿರುತ್ತದೆ, ಇಲ್ಲವೇ ವಾಲ್ವು, ಅಂದರೆ ಪಂಪಿನಲ್ಲಿರುವ ಬಾತುಕೋಳಿ ಕೊಕ್ಕಿನಂಥ ಸಣ್ಣ ಸಿಲಿಕೋನ್ ತುಂಡು, ಸವೆದಿರುತ್ತದೆ. ಪಂಪಿನಲ್ಲಿ ಬಂದಷ್ಟೇ ಎದೆಯಲ್ಲಿ ಇರುವುದು ಅಂತಲೂ ಅಲ್ಲ. ಮಗು ಎಳೆಯುವ ಹಾಗೆ ಯಾವ ಮಿಷನ್ನೂ ಎಳೆಯುವುದಿಲ್ಲ. ಮಗು ಚೆನ್ನಾಗಿ ಮೂತ್ರ ಮಾಡುತ್ತಿದೆ, ತೂಕ ಏರುತ್ತಿದೆ ಅಂದರೆ ನಿಮ್ಮ ಹಾಲು ಸಾಕು.

ಎಳೆತ ಜಾಸ್ತಿ ಇಟ್ಟರೆ ಹಾಲು ಜಾಸ್ತಿ ಬರುತ್ತದೆ ಅನ್ನುವುದೂ ಸುಳ್ಳು. ನೋವಾದರೆ ಹಾಲು ಇಳಿಯುವುದೇ ನಿಲ್ಲುತ್ತದೆ. ಒಳ್ಳೆಯ ಪಂಪಿನಲ್ಲಿ ಎರಡು ಮೋಡ್ ಇರುತ್ತದೆ. ಮೊದಲನೆಯದು ಬೇಗ ಬೇಗ, ಹಗುರವಾಗಿ, ಮಗು ಬಾಯಿ ಹಾಕಿದ ಕೂಡಲೇ ಮಾಡುವ ಹಾಗೆ. ಒಂದೆರಡು ನಿಮಿಷದಲ್ಲಿ ಎದೆ ಜುಮ್ಮೆಂದು ಹಾಲು ಇಳಿಯುತ್ತದೆ. ಆಗ ಎರಡನೇ ಮೋಡಿಗೆ ಹಾಕಿ, ಅದು ನಿಧಾನ, ಆಳದ ಎಳೆತ. ನೋವಾಗದೆ ತಡೆಯುವ ಗರಿಷ್ಠ ಎಷ್ಟೋ ಅಷ್ಟೇ ಇಡಿ. ಕೊಳ್ಳುವಾಗ ಎಷ್ಟು ಲೆವೆಲ್ ಇದೆ ಅನ್ನುವುದಕ್ಕಿಂತ ಎಳೆತವನ್ನೂ ವೇಗವನ್ನೂ ಬೇರೆ ಬೇರೆ ಹೊಂದಿಸಬಹುದಾ ಅಂತ ಕೇಳಿ.

ಡಬ್ಬದ ಮೇಲೆ ಇನ್ನೇನು ನೋಡಬೇಕು

ಕ್ಲೋಸ್ಡ್ ಸಿಸ್ಟಮ್ ಅಂತ ಬರೆದಿದೆಯಾ ನೋಡಿ. ಹಾಲಿಗೂ ಮೋಟರಿಗೂ ನಡುವೆ ಒಂದು ತಡೆ ಇರುತ್ತದೆ, ಹಾಲು ಟ್ಯೂಬಿನೊಳಗೆ ಹೋಗುವುದಿಲ್ಲ. ನಮ್ಮ ಊರಿನ ಮಳೆಗಾಲದಲ್ಲಿ ಹೊರಗಿಟ್ಟ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ ಅಲ್ವಾ, ಟ್ಯೂಬಿನಲ್ಲಿ ಎರಡು ಹನಿ ಹಾಲು ಉಳಿದರೆ ಕೇಳಬೇಕಾ? ಮೋಟರಿನ ಒಳಗೆ ಬೂಸ್ಟು ಹಿಡಿದರೆ ತೊಳೆಯಲು ದಾರಿಯೇ ಇಲ್ಲ. ಇದೇ ಕಾರಣಕ್ಕೆ ಅಕ್ಕನದ್ದೋ ನಾದಿನಿಯದ್ದೋ ಹಳೆ ಪಂಪು ಇಸಕೊಳ್ಳುವಾಗ ಯೋಚಿಸಿ. ಮನೆಬಳಕೆಯ ಪಂಪು ಹೆಚ್ಚಿನವು ಒಬ್ಬರಿಗೆ ಅಂತಲೇ ಮಾಡಿದ್ದು. ಹಲವರು ಬಳಸಬಹುದಾದ ಆಸ್ಪತ್ರೆ ದರ್ಜೆಯ ಪಂಪು ಬೇರೆ ಇದೆ, ಅದರಲ್ಲೂ ಕಪ್ಪು, ಟ್ಯೂಬು, ವಾಲ್ವು ಪ್ರತಿಯೊಬ್ಬರಿಗೂ ಹೊಸತೇ ಬೇಕು.

ಚಾರ್ಜ್ ಆಗುವ ಬ್ಯಾಟರಿ ಇರುವುದನ್ನೇ ತೆಗೆದುಕೊಳ್ಳಿ. ಜೂನ್ ಜುಲೈಯಲ್ಲಿ ಒಂದು ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳಲಾಗದು. ಗೋಡೆಯ ಪ್ಲಗ್ಗಿಗೇ ಸಿಕ್ಕಿಸಬೇಕಾದ ಪಂಪು ಆಗ ಸುಮ್ನೆ ಕೂರುತ್ತದೆ. ಯುಎಸ್‌ಬಿ ಚಾರ್ಜಿಂಗ್ ಇದ್ದರೆ ಪವರ್ ಬ್ಯಾಂಕಿನಲ್ಲೂ ಓಡುತ್ತದೆ.

ಕಾಸರಗೋಡಿನ ಮನೆಗಳಲ್ಲಿ ಇನ್ನೊಂದು ವಿಷಯ ಇದೆ. ಗಂಡನೋ ಅಣ್ಣನೋ ಗಲ್ಫಿನಲ್ಲಿ ಇರುತ್ತಾರೆ, ಬರುವಾಗ ಅಲ್ಲಿಂದಲೇ ಪಂಪು ತರುತ್ತೇನೆ ಅನ್ನುತ್ತಾರೆ. ತರಲಿ, ಆದರೆ ಮೂರು ವಿಷಯ ಮೊದಲೇ ಕೇಳಿಕೊಳ್ಳಿ. ದುಬೈಯ ಪ್ಲಗ್ಗು ಚಪ್ಪಟೆ ಮೂರು ಕಾಲಿನದ್ದು, ನಮ್ಮ ಸಾಕೆಟ್ಟಿಗೆ ಕೂರಲು ಅಡಾಪ್ಟರ್ ಬೇಕು. ಚಾರ್ಜರಿನ ಮೇಲೆ 100–240 ವೋಲ್ಟ್ ಅಂತ ಇರಬೇಕು. ಅಮೆರಿಕದಿಂದ ತರಿಸುವವರು ಇದನ್ನು ಎರಡೆರಡು ಸಲ ನೋಡಿ, 120 ವೋಲ್ಟಿನದ್ದನ್ನು ಇಲ್ಲಿಯ 230ಕ್ಕೆ ಸಿಕ್ಕಿಸಿದರೆ ಸುಟ್ಟು ಹೋಗುತ್ತದೆ. ಮೂರನೆಯದು, ಆ ಮಾಡೆಲ್ಲಿನ ವಾಲ್ವು ಇಲ್ಲಿ ಸಿಗುತ್ತದಾ? ದಿನಾ ಬಳಸಿದರೆ ಕೆಲವು ತಿಂಗಳಲ್ಲಿ ಬಾಯಿ ಸಡಿಲವಾಗುತ್ತದೆ, ಎಳೆತ ಇಳಿಯುತ್ತದೆ. ಮೆಡೆಲಾ, ಫಿಲಿಪ್ಸ್ ಅವೆಂಟ್, ಸ್ಪೆಕ್ಟ್ರಾ, ಲವ್‌ಲ್ಯಾಪ್ ಹೀಗೆ ಯಾವುದೇ ಹೆಸರು ನೋಡಿ, ಕೊಳ್ಳುವ ಮೊದಲು ಅದರ ಬಿಡಿಭಾಗ ಇಲ್ಲಿ ಸಿಗುತ್ತದಾ ಅಂತ ಹುಡುಕಿ. ಪಂಪಿನ ಜೊತೆಗೇ ಒಂದು ಜೊತೆ ವಾಲ್ವು ತರಿಸಿಡಿ.

ಸದ್ದಿನ ಬಗ್ಗೆ ಒಂದೇ ಮಾತು. ಟೀಚರುಗಳ ಕೋಣೆಯಲ್ಲಿ ಪರದೆಯ ಹಿಂದೆ ಕೂರುವವರಿಗೆ ಅದು ಮುಖ್ಯ, ಬಾಗಿಲು ಹಾಕಿಕೊಳ್ಳುವ ಕೋಣೆ ಇರುವವರಿಗೆ ಅಲ್ಲ. ಅಂಗಡಿಯಲ್ಲಿ ಆನ್ ಮಾಡಿ ತೋರಿಸಿ ಅಂತ ಕೇಳಿ. ಆನ್‌ಲೈನ್ ತರಿಸಿದರೆ ಬಂದ ದಿನವೇ ತೆರೆದು ಅಂಗೈಗೆ ಹಿಡಿದು ಎಳೆತ ಇದೆಯಾ ನೋಡಿ. ಮೈಗೆ ತಾಗುವ ವಸ್ತು ಅಂತ ಬಳಸಿದ ಮೇಲೆ ಹೆಚ್ಚಿನ ಕಡೆ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕೈಯಲ್ಲಿ ಹಿಂಡಲು ಕಲಿಯಿರಿ

ಎಷ್ಟೇ ಒಳ್ಳೆಯ ಪಂಪು ಇರಲಿ, ಇದು ಗೊತ್ತಿರಬೇಕು. ಚಾರ್ಜ್ ಮುಗಿದಿದೆ, ವಾಲ್ವು ಮನೆಯಲ್ಲಿ ಉಳಿದಿದೆ, ಎದೆ ಕಲ್ಲಿನಂತೆ ಗಟ್ಟಿಯಾಗಿದೆ, ಆಗ ಕೈಯೇ ಗತಿ. ಕೈ ತೊಳೆದುಕೊಳ್ಳಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರು ಹಿಂದೆ ಇಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳು ಒಂದಕ್ಕೊಂದು ಹತ್ತಿರ ತನ್ನಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ, ತೊಟ್ಟನ್ನು ಹಿಡಿದು ಎಳೆಯಬೇಡಿ. ಮೊದಲು ಹನಿ ಹನಿ, ಸ್ವಲ್ಪ ಹೊತ್ತಿಗೆ ಚಿಮ್ಮುತ್ತದೆ. ಬೆರಳಿನ ಜಾಗ ಸುತ್ತ ತಿರುಗಿಸುತ್ತಾ ಹೋಗಿ. ಪಂಪು ಮಾಡಿದ ಮೇಲೂ ಒಂದೆರಡು ನಿಮಿಷ ಹೀಗೆ ಹಿಂಡಿದರೆ ಇನ್ನೂ ಸ್ವಲ್ಪ ಹಾಲು ಸಿಗುತ್ತದೆ.

ಕೆಲಸಕ್ಕೆ ಮರಳುವ ಎರಡು ಮೂರು ವಾರ ಮೊದಲೇ ಅಭ್ಯಾಸ ಶುರು ಮಾಡಿ. ಬೆಳಗಿನ ಜಾವ ಹಾಲು ಜಾಸ್ತಿ ಇರುತ್ತದೆ, ಮಗು ಕುಡಿದು ಅರ್ಧ ಗಂಟೆ ಬಿಟ್ಟು ದಿನಕ್ಕೊಂದು ಸಲ ತೆಗೆಯಿರಿ. ಫ್ರೀಜರ್ ತುಂಬಿಸಿಡಬೇಕಾಗಿಲ್ಲ. ಮೊದಲ ದಿನಕ್ಕೆ ಸಾಕಾಗುವಷ್ಟು ಮತ್ತು ಮೇಲೊಂದು ದಿನದ್ದು ಇದ್ದರೆ ಆಯಿತು, ಆಮೇಲೆ ಸೋಮವಾರ ಕೆಲಸದಲ್ಲಿ ತೆಗೆದದ್ದು ಮಂಗಳವಾರಕ್ಕೆ ಆಗುತ್ತದೆ.

ಮನೆಯವರೆಗೆ ತರುವುದು

ಹಾಲು ಇಡುವ ಲೆಕ್ಕ ಹೀಗಿದೆ: ಹೊರಗೆ 25 ಡಿಗ್ರಿವರೆಗಿನ ತಂಪಿನಲ್ಲಿ ನಾಲ್ಕು ಗಂಟೆ, ಫ್ರಿಡ್ಜಿನಲ್ಲಿ ನಾಲ್ಕು ದಿನ, ಐಸ್ ಪ್ಯಾಕ್ ಇಟ್ಟ ಕೂಲರ್ ಬ್ಯಾಗಿನಲ್ಲಿ 24 ಗಂಟೆ, ಫ್ರೀಜರಿನಲ್ಲಿ ಆರು ತಿಂಗಳು. ನಮ್ಮಲ್ಲಿ 25 ಡಿಗ್ರಿ ಯಾವಾಗ ಇರುತ್ತದೆ? ಮಾರ್ಚಿನಿಂದ ಮೇವರೆಗಿನ ಸೆಕೆಯಲ್ಲಿ ಫ್ಯಾನಿನ ಕೆಳಗೂ ಬೆವರು ಇಳಿಯುತ್ತದೆ. ಹಾಗಾಗಿ ಹೊರಗಿಡುವ ಲೆಕ್ಕ ಮರೆತುಬಿಡಿ, ತೆಗೆದ ಕೂಡಲೇ ತಣ್ಣಗೆ ಮಾಡಿ. ಆಫೀಸಿನಲ್ಲಿ ಫ್ರಿಡ್ಜ್ ಇದ್ದರೆ ಬಾಗಿಲಲ್ಲಿ ಇಡಬೇಡಿ, ಒಳಗೆ ಹಿಂದಕ್ಕೆ ಇಡಿ, ಒಂದು ಡಬ್ಬದಲ್ಲಿ ಹಾಕಿ ಹೆಸರು ತಾರೀಕು ಬರೆಯಿರಿ. ಸಂಜೆಯ ಟ್ರೈನಿನ ನೂಕುನುಗ್ಗಲಲ್ಲಿ ಬ್ಯಾಗು ತಲೆಕೆಳಗಾಗುವುದು ಇದ್ದದ್ದೇ, ಆದ್ದರಿಂದ ಮುಚ್ಚಳ ತಿರುಗಿಸಿ ಬಿಗಿಯುವ ಬಾಟಲಿಯೇ ಆಗಬೇಕು, ಪ್ಲಾಸ್ಟಿಕ್ ಚೀಲ ಬೇಡ. ಐಸ್ ಪ್ಯಾಕು ಎರಡಾದರೂ ಇರಲಿ. ಮಧ್ಯಾಹ್ನದ ಬೆಚ್ಚಗಿನ ಹಾಲನ್ನು ಬೆಳಗಿನ ತಣ್ಣನೆ ಹಾಲಿಗೆ ನೇರ ಸುರಿಯಬೇಡಿ, ಅದೂ ತಣ್ಣಗಾದ ಮೇಲೆ ಸೇರಿಸಿ.

ಒಂದು ಬಾಟಲಿಯಲ್ಲಿ 60ರಿಂದ 120 ಮಿಲಿ ಮಾತ್ರ ತುಂಬಿಸಿ. ಮಗು ಬಾಯಿ ಹಾಕಿ ಉಳಿಸಿದ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಅಷ್ಟು ಕಷ್ಟಪಟ್ಟು ತೆಗೆದ ಹಾಲು ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ.

ಮನೆಯಲ್ಲಿ ಕುಡಿಸುವವರು ಅತ್ತೆಯೋ ಅಮ್ಮನೋ ಆಗಿರುತ್ತಾರೆ. ಅವರಿಗೆ ಮೊದಲೇ ಕೂತು ಹೇಳಿ, ಫೋನಿನಲ್ಲಿ ಅವಸರದಲ್ಲಿ ಅಲ್ಲ. "ಅತ್ತೆ, ಇದನ್ನು ದನದ ಹಾಲಿನ ಹಾಗೆ ಕಾಯಿಸುವುದು ಬೇಡ. ಪಾತ್ರೆಯಲ್ಲಿ ಬಿಸಿನೀರು ಹಾಕಿ ಬಾಟಲಿ ಅದರಲ್ಲಿ ಇಡಿ, ಉಗುರು ಬೆಚ್ಚಗಾದರೆ ಸಾಕು." ಫ್ರಿಡ್ಜಿನಲ್ಲಿಟ್ಟ ಎದೆಹಾಲು ಮೇಲೆ ಕೆನೆ, ಕೆಳಗೆ ನೀರು ಅಂತ ಬೇರೆಯಾಗುತ್ತದೆ, ಸ್ವಲ್ಪ ನೀಲಿಯಾಗಿಯೂ ಕಾಣುತ್ತದೆ. ಅದನ್ನು ನೋಡಿ ಹಾಳಾಯಿತು ಅಂತ ಚೆಲ್ಲಿಬಿಡುವ ಅಜ್ಜಿಯಂದಿರು ಇದ್ದಾರೆ. ಮೆಲ್ಲಗೆ ಅಲ್ಲಾಡಿಸಿದರೆ ಕೂಡಿಕೊಳ್ಳುತ್ತದೆ ಅಂತ ತೋರಿಸಿಕೊಡಿ. ಮೈಕ್ರೋವೇವ್ ಬೇಡ, ಒಂದು ಕಡೆ ಸುಡುವಷ್ಟು ಬಿಸಿ, ಇನ್ನೊಂದು ಕಡೆ ತಣ್ಣಗೆ ಆಗುತ್ತದೆ. ಫ್ರೀಜರಿನಿಂದ ಇಳಿಸಿ ಫ್ರಿಡ್ಜಿನಲ್ಲಿ ಕರಗಿಸಿದ ಹಾಲು 24 ಗಂಟೆಯೊಳಗೆ ಮುಗಿಯಬೇಕು, ಮತ್ತೆ ಫ್ರೀಜರಿಗೆ ಹಾಕುವಂತಿಲ್ಲ.

ಬಾಟಲಿಯೇ ಬೇಕು ಅಂತ ಇಲ್ಲ. ಒಳಲೆ, ಚಮಚ, ಸಣ್ಣ ಲೋಟ, ಯಾವುದರಲ್ಲಾದರೂ ಕುಡಿಸಬಹುದು, ತೊಳೆಯಲೂ ಸುಲಭ. ಒಳಲೆಯಲ್ಲಿ ಕುಡಿಸುವುದು ಅಜ್ಜಿಯಂದಿರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಮಗುವನ್ನು ಸ್ವಲ್ಪ ನೆಟ್ಟಗೆ ಕೂರಿಸಿಕೊಂಡು, ನಡುನಡುವೆ ನಿಲ್ಲಿಸಿ ಕುಡಿಸಿದರೆ ಆಯಿತು.

ತೊಳೆಯುವುದು, ಕೂರುವ ಜಾಗ

ಹಾಲು ತಾಗಿದ ಭಾಗಗಳನ್ನು ಪ್ರತಿ ಸಲ ಸೋಪು ಹಾಕಿ ತೊಳೆಯಬೇಕು. ಸಿಂಕಿನೊಳಗೆ ನೇರ ಇಡಬೇಡಿ, ಅದಕ್ಕೆಂದೇ ಒಂದು ಸಣ್ಣ ಬೇಸಿನ್ ಇರಲಿ. ದಿನಕ್ಕೊಮ್ಮೆ ಮನೆಯಲ್ಲಿ ಐದು ನಿಮಿಷ ಕುದಿಸಿ, ಎರಡು ಮೂರು ತಿಂಗಳ ಸಣ್ಣ ಮಗುವಾದರೆ ಇದನ್ನು ತಪ್ಪಿಸಲೇಬೇಡಿ. ಆಮೇಲೆ ಶುಭ್ರ ಬಟ್ಟೆಯ ಮೇಲೆ ಹರಡಿ ಫ್ಯಾನಿನ ಗಾಳಿಗೆ ಒಣಗಿಸಿ. ಕೈ ಒರಸುವ ಬೈರಾಸಿನಿಂದ ಉಜ್ಜಬೇಡಿ. ಮಳೆಗಾಲದಲ್ಲಿ ಒಣಗುವುದೇ ದೊಡ್ಡ ಪಾಡು. ಕಪ್ಪು, ವಾಲ್ವುಗಳ ಎರಡು ಸೆಟ್ ಇದ್ದರೆ ತಲೆಬಿಸಿ ಅರ್ಧ ಕಡಿಮೆಯಾಗುತ್ತದೆ. ಟ್ಯೂಬಿನಲ್ಲಿ ನೀರಿನ ಹನಿ ಕಂಡರೆ ಹಾಲು ತೆಗೆದ ಮೇಲೂ ಮೋಟರನ್ನು ಕೆಲವು ನಿಮಿಷ ಹಾಗೇ ಓಡಿಸಿ, ಆರುತ್ತದೆ. ಬೂಸ್ಟು ಕಂಡರೆ ಟ್ಯೂಬು ಎಸೆಯಿರಿ.

ಕೂರಲು ಟಾಯ್ಲೆಟ್ ಬೇಡ. ಅಲ್ಲಿ ಕೂತು ಯಾರೂ ಊಟ ಮಾಡುವುದಿಲ್ಲ, ಇದು ಮಗುವಿನ ಊಟ. ಬಾಗಿಲು ಹಾಕುವ ಒಂದು ಕೋಣೆ, ಒಂದು ಕುರ್ಚಿ, ಕೈ ತೊಳೆಯಲು ನೀರು, ಇಷ್ಟೇ ಬೇಕಾದ್ದು. ಮಗುವಿಗೆ 15 ತಿಂಗಳಾಗುವವರೆಗೆ ಮಾಮೂಲಿ ಬಿಡುವಿನ ಜೊತೆಗೆ ದಿನಕ್ಕೆ ಎರಡು ಸಲ ಮಗುವಿನ ಹಾಲಿಗಾಗಿ ಬಿಡುವು ಕೊಡಬೇಕು ಅಂತ ಕಾನೂನಿದೆ. 50 ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿರುವ ಕಡೆ ಮಗುವನ್ನು ಬಿಡಲು ಕ್ರೆಷ್ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಬರಲು ಬಿಡಬೇಕು. ರಜೆ ಮುಗಿಯುವ ಮೊದಲೇ ಹೋಗಿ ಮಾತಾಡಿ. "ಸರ್, ನನಗೆ ಹನ್ನೊಂದಕ್ಕೂ ಎರಡಕ್ಕೂ ಇಪ್ಪತ್ತು ನಿಮಿಷ ಬೇಕು, ಸ್ಟೋರ್ ರೂಮಿನ ಕೀ ಸಿಕ್ಕಿದರೆ ಸಾಕು" ಅಂತ ಹೊತ್ತು ಜಾಗ ಎರಡನ್ನೂ ನೀವೇ ಹೇಳಿದರೆ ಇಲ್ಲ ಅನ್ನಲು ಕಷ್ಟ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಎದೆಯಲ್ಲಿ ಗಂಟು, ಕೆಂಪು, ಮುಟ್ಟಿದರೆ ಬಿಸಿ, ಮೇಲೆ ಚಳಿಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ಮಗುವಿಗೆ ಕುಡಿಸುವುದನ್ನು ನಿಲ್ಲಿಸಬೇಡಿ. ಖಾಲಿ ಮಾಡಲೇಬೇಕು ಅಂತ ಪಂಪು ಹಾಕಿ ಹಾಕಿ ಜಗ್ಗುವುದೂ ಬೇಡ, ಅದರಿಂದ ಬಾವು ಜಾಸ್ತಿಯಾಗುತ್ತದೆ.

ಮಗು ಊಟ ಮಾಡಲು ಕಲಿತ ಮೇಲೆ ಪಂಪು ಮಾಡುವುದನ್ನು ಕಡಿಮೆ ಮಾಡುವಾಗಲೂ ಒಮ್ಮೆಗೇ ನಿಲ್ಲಿಸಬೇಡಿ. ಮೂರು ಸಲದ್ದು ಎರಡಾಗಲಿ, ನಾಲ್ಕೈದು ದಿನ ಎದೆ ಹೊಂದಿಕೊಳ್ಳಲಿ, ಆಮೇಲೆ ಒಂದಾಗಲಿ. ನಡುವೆ ಬಿಗಿದರೆ ಬಿಗಿತ ಇಳಿಯುವಷ್ಟು ಮಾತ್ರ ಕೈಯಲ್ಲಿ ಹಿಂಡಿ. ಬೆಳಿಗ್ಗೆ, ಸಂಜೆ, ರಾತ್ರಿ ಮಗುವಿಗೆ ನೇರ ಎದೆಹಾಲು ಎರಡು ವರ್ಷದವರೆಗೂ ಅದಕ್ಕಿಂತ ಮೇಲೂ ಕೊಡಬಹುದು, ಅದಕ್ಕೆ ಪಂಪು ಬೇಕಾಗುವುದಿಲ್ಲ.